ಕಿಟ್ ಹಾಕಿಸೋ ಮೊದಲು ಬಂಕ್ ನೋಡಿ

ಕಾರಿಗೆ ಸಿಎನ್‌ಜಿ ಹಾಕಿಸಿದ್ದೀನಿ ಅಂದ ತಕ್ಷಣ ಎಲ್ಲರೂ ಕೇಳುವುದು ಮೈಲೇಜ್ ಎಷ್ಟು ಅಂತ. ಬಂಕಿನಲ್ಲಿ ಪ್ರೆಶರ್ ಎಷ್ಟಿರುತ್ತೆ ಅಂತ ಯಾರೂ ಕೇಳುವುದಿಲ್ಲ. ಲಾಭ ನಷ್ಟ ನಿಂತಿರುವುದು ಅಲ್ಲೇ.

ನಾನು ಮೆಡಿಕಲ್ ರೆಪ್. ತುಮಕೂರಿನಿಂದ ಗುಬ್ಬಿ, ತಿಪಟೂರು, ಕೊರಟಗೆರೆ, ಮಧುಗಿರಿ ಅಂತ ವಾರವಿಡೀ ಸುತ್ತಾಟ. ಎಲೆಕ್ಟ್ರಿಕ್ ಕಾರಿನ ಯೋಚನೆಯೂ ಇತ್ತು. ಆದರೆ ನಮ್ಮದು ಮಹಡಿ ಮೇಲಿನ ಬಾಡಿಗೆ ಮನೆ, ಗಾಡಿ ನಿಲ್ಲುವುದು ರಸ್ತೆಯಲ್ಲಿ. ಅಲ್ಲಿಂದ ವೈರ್ ಇಳಿಬಿಟ್ಟು ಚಾರ್ಜ್ ಮಾಡೋಕಾಗಲ್ಲ ಅಲ್ವಾ? ಇರುವ ಪೆಟ್ರೋಲ್ ಕಾರಿಗೇ ಕಿಟ್ ಹಾಕಿಸಿದೆ.

ಕಿಟ್ ಕೂರಿಸಿದ ಮೆಕ್ಯಾನಿಕ್ ಒಳ್ಳೆಯವನು, ಕೇಳಿದ್ದಕ್ಕೆಲ್ಲ ಬಿಡಿಸಿ ಹೇಳಿದ. ಸಿಲಿಂಡರ್‌ನಲ್ಲಿ ಗ್ಯಾಸ್ 200 ಬಾರ್ ಒತ್ತಡದಲ್ಲಿರುತ್ತದೆ. ರೆಡ್ಯೂಸರ್ ಅದನ್ನು ಇಂಜಿನ್‌ಗೆ ಬೇಕಾದಷ್ಟಕ್ಕೆ ಇಳಿಸುತ್ತದೆ. ಹಾಗೆ ಒತ್ತಡ ಇಳಿಯುವಾಗ ಗ್ಯಾಸ್ ವಿಪರೀತ ತಣ್ಣಗಾಗುತ್ತದೆ. ರೆಡ್ಯೂಸರ್ ಹೆಪ್ಪುಗಟ್ಟದಿರಲಿ ಅಂತ ಇಂಜಿನ್ನಿನ ಬಿಸಿ ಕೂಲೆಂಟನ್ನು ಅದರ ಮೂಲಕ ಹರಿಸುತ್ತಾರೆ. ಅದಕ್ಕೇ ಬೆಳಿಗ್ಗೆ ಗಾಡಿ ಪೆಟ್ರೋಲಿನಲ್ಲೇ ಸ್ಟಾರ್ಟ್ ಆಗಿ, ಸ್ವಲ್ಪ ಬಿಸಿಯಾದ ಮೇಲೆ ತಾನಾಗಿ ಗ್ಯಾಸಿಗೆ ತಿರುಗುವುದು. ಗ್ಯಾಸ್ ಇದೆಯಲ್ಲ ಅಂತ ಪೆಟ್ರೋಲ್ ಟ್ಯಾಂಕ್ ಒಣಗಿಸಬಾರದು. ಫ್ಯುಯೆಲ್ ಪಂಪ್ ತಣ್ಣಗಿರುವುದು ಪೆಟ್ರೋಲಿನಲ್ಲಿ ಮುಳುಗಿರುವುದರಿಂದ. ನಾನು ಯಾವಾಗಲೂ ಕಾಲು ಟ್ಯಾಂಕ್ ಇಟ್ಟಿರುತ್ತೇನೆ.

ಡಿಕ್ಕಿ ಹೋಯಿತು ಅಂತಲೇ ಲೆಕ್ಕ. ನನ್ನದು 60 ಲೀಟರ್ ಸಿಲಿಂಡರ್. ಖಾಲಿ ಇದ್ದಾಗಲೇ ಭರ್ಜರಿ ತೂಕ. ಸ್ಯಾಂಪಲ್ ಬಾಕ್ಸ್‌ಗಳೆಲ್ಲ ಈಗ ಹಿಂದಿನ ಸೀಟಿನಲ್ಲಿ.

ಇನ್ನು ಬಂಕಿನ ವಿಷಯ. ಪೂರ್ತಿ ಪ್ರೆಶರ್ ಇದ್ದರೆ ಈ ಸಿಲಿಂಡರಿಗೆ 8-9 ಕೆ.ಜಿ. ಹಿಡಿಯುತ್ತದೆ. 1 ಕೆ.ಜಿ. ಗ್ಯಾಸಿನಲ್ಲಿ 1 ಲೀಟರ್ ಪೆಟ್ರೋಲಿಗಿಂತ ಹೆಚ್ಚುಕಮ್ಮಿ ಒಂದೂವರೆ ಪಟ್ಟು ಶಕ್ತಿ ಇರುವುದರಿಂದ ಓಟವೂ ಜಾಸ್ತಿಯೇ. ಆದರೆ ಎಲ್ಲ ಬಂಕೂ ಒಂದೇ ಥರ ಅಲ್ಲ. ಕೆಲವಕ್ಕೆ ನೇರವಾಗಿ ಪೈಪ್‌ಲೈನ್ ಇರುತ್ತದೆ. ಇನ್ನು ಕೆಲವಕ್ಕೆ ಲಾರಿಯಲ್ಲಿ ಸಾಲು ಸಾಲು ಸಿಲಿಂಡರ್ ಜೋಡಿಸಿಕೊಂಡು ಗ್ಯಾಸ್ ತರುತ್ತಾರೆ. ಲಾರಿ ಖಾಲಿಯಾಗುತ್ತಾ ಬಂದಂತೆ ಪ್ರೆಶರ್ ಇಳಿಯುತ್ತದೆ. ಆಟೋಗಳ ಸಾಲಿನ ಹಿಂದೆ ನಿಂತು ನಿಂತು ಮುಂದೆ ಹೋದರೆ, ‘ಪ್ರೆಶರ್ ಇಲ್ಲ ಸಾರ್, 160ಕ್ಕೇ ನಿಲ್ತಿದೆ’ ಅಂತಾನೆ ಹುಡುಗ. ಅಷ್ಟೇ ತುಂಬಿಸಿಕೊಂಡು ಮಧುಗಿರಿ ಕಡೆ ಹೊರಟರೆ ವಾಪಸ್ ಬರುವಾಗ ಪೆಟ್ರೋಲೇ ಗತಿ. ಮತ್ತೆ ಉಳಿತಾಯ ಎಲ್ಲಿ ಬಂತು?

ಬಿಸಿಲಿನದೂ ಒಂದು ಕಾಟ ಇದೆ. ರಭಸವಾಗಿ ತುಂಬುವಾಗ ಸಿಲಿಂಡರಿನೊಳಗೆ ಗ್ಯಾಸ್ ಬಿಸಿಯಾಗುತ್ತದೆ. ಬಿಸಿ ಗ್ಯಾಸ್ ಹಿಗ್ಗಿ 200 ಬಾರ್ ಬೇಗ ತೋರಿಸುತ್ತದೆ, ಕೆ.ಜಿ. ಮಾತ್ರ ಕಮ್ಮಿ. ಏಪ್ರಿಲ್ ಮಧ್ಯಾಹ್ನ ಇದು ಚೆನ್ನಾಗಿ ಗೊತ್ತಾಗುತ್ತದೆ. ನಾನು ಬೆಳಿಗ್ಗೆ ತಿಂಡಿಗೂ ಮುಂಚೆ ಹೋಗಿ ತುಂಬಿಸಿಕೊಳ್ಳುತ್ತೇನೆ. ಆಗ ಸಾಲೂ ಚಿಕ್ಕದು. ತಟ್ಟೆ ಇಡ್ಲಿ ಆಮೇಲೆ. ಹಾಗಾಗಿ ನನ್ನ ಸಲಹೆ ಇಷ್ಟೇ: ಕಿಟ್‌ಗೆ ಅಡ್ವಾನ್ಸ್ ಕೊಡುವ ಮುಂಚೆ ನೀವು ಓಡಾಡುವ ದಾರಿಯ ಬಂಕಿಗೆ ಬೇರೆ ಬೇರೆ ಹೊತ್ತಿನಲ್ಲಿ ಹೋಗಿ, ಸುಮ್ನೆ ನಿಂತು ಮೀಟರ್ ನೋಡಿ. ಆಟೋದವರನ್ನು ಕೇಳಿ. ಅವರಷ್ಟು ಸರಿಯಾಗಿ ಇನ್ಯಾರೂ ಹೇಳಲ್ಲ.

ಓಡಿಸುವಾಗ ಊರೊಳಗೆ ಎಳೆತದಲ್ಲಿ ವ್ಯತ್ಯಾಸವೇ ಕಾಣಲ್ಲ. ದೇವರಾಯನದುರ್ಗ ಬೆಟ್ಟದ ಏರಿನಲ್ಲಿ ನಾಲ್ಕು ಜನ ಕೂತಿದ್ದರೆ ಕಾಣುತ್ತದೆ. ಅಲ್ಲಿ ಸ್ವಿಚ್ ಒತ್ತಿ ಪೆಟ್ರೋಲಿಗೆ ಬದಲಾಯಿಸಿಬಿಡುತ್ತೇನೆ.

‘ಸಿಲಿಂಡರ್ ಸಿಡಿದರೆ?’ ಅಂತ ಮನೆಯಲ್ಲಿ ಹೆದರಿದ್ದರು. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಹರಡಿ ನಿಲ್ಲುತ್ತದೆ. ಸಿಎನ್‌ಜಿ ಅಂದರೆ ಬಹುಪಾಲು ಮೀಥೇನ್, ಗಾಳಿಗಿಂತ ಹಗುರ, ಬಯಲಿನಲ್ಲಿ ಮೇಲಕ್ಕೆ ಹೋಗಿಬಿಡುತ್ತದೆ. ಹಾಗಂತ ಅಗ್ಗದ, ಅನುಮತಿ ಇಲ್ಲದ ಕಿಟ್ ಹಾಕಿಸಬೇಡಿ. ಆರ್‌ಟಿಒದಲ್ಲಿ ಆರ್‌ಸಿಗೆ ಸಿಎನ್‌ಜಿ ಸೇರಿಸಬೇಕು. ಇನ್ಶೂರೆನ್ಸ್‌ನವರಿಗೂ ತಿಳಿಸಬೇಕು, ಇಲ್ಲದಿದ್ದರೆ ಕ್ಲೈಮ್‌ಗೆ ತಕರಾರು ಬರುತ್ತದೆ. 3 ವರ್ಷಕ್ಕೊಮ್ಮೆ ಸಿಲಿಂಡರ್ ಬಿಚ್ಚಿಸಿ ಹೈಡ್ರೋ ಟೆಸ್ಟ್, ಅಂದರೆ ನೀರು ತುಂಬಿ ಒತ್ತಡ ಹಾಕಿ ನೋಡುವ ಪರೀಕ್ಷೆ, ಮಾಡಿಸಬೇಕು. ಆ ತಾರೀಕು ಮುಗಿದಿದ್ದರೆ ಬಂಕಿನಲ್ಲಿ ಗ್ಯಾಸ್ ಹಾಕದೆ ವಾಪಸ್ ಕಳಿಸಬಹುದು. ಟೂರ್ ಕಮ್ಮಿ ಇರುವ ವಾರ ನೋಡಿಕೊಂಡು ಗಾಡಿ ಬಿಡಿ.