ಹೆಸರು ಕೊಯ್ಲಿನ ನಂತರದ ಬೈಠಕ್: ಯೋಜನೆಯನ್ನು ನಡುವೆಯೇ ತಿದ್ದಿಕೊಳ್ಳುವುದು ಹೇಗೆ

ವಿದೇಶಿ ನೆರವಿನ ಕೃಷಿ, ಜಲಾನಯನ ಯೋಜನೆಗಳಲ್ಲಿ ಪರಾಮರ್ಶೆ ಸಭೆಗಳಿಗೆ ಬರವಿಲ್ಲ. ಸಭೆ ಮುಗಿದ ಮೇಲೆ ಏನಾದರೂ ಬದಲಾಗುವುದು ಅಪರೂಪ. ಕಾರಣ ಎಷ್ಟೋ ಸಲ ಸಭೆಯ ದಿನಾಂಕದಲ್ಲೇ ಇರುತ್ತದೆ. ದಾನಿ ಸಂಸ್ಥೆಯ ತ್ರೈಮಾಸಿಕ ವರದಿಗೆಂದು ಜುಲೈನಲ್ಲಿ ಕೂತರೆ ಗದಗ, ರೋಣ, ನವಲಗುಂದದ ಎರಿ (ಕಪ್ಪು ಮಣ್ಣಿನ) ಹೊಲಗಳಲ್ಲಿ ಹೆಸರು ಬೆಳೆ ಆಗಲೇ ಎದ್ದು ನಿಂತಿರುತ್ತದೆ. ಅಕ್ಟೋಬರ್ ಕೊನೆಗೆ ಕೂತರೆ ಹಿಂಗಾರಿ ಜೋಳ, ಕಡಲೆಯ ಬಿತ್ತನೆ ಬಹುಪಾಲು ಮುಗಿದಿರುತ್ತದೆ. ಎರಡೂ ಸಲ ಕಲಿತದ್ದನ್ನು ಬಳಸಲು ಒಂದು ಹಂಗಾಮು ಕಾಯಬೇಕು, ಅಷ್ಟರೊಳಗೆ ಅರ್ಧ ಸಿಬ್ಬಂದಿ ಬದಲಾಗಿರುತ್ತಾರೆ.

ಹಾಗಾಗಿ ಮೊದಲು ದಿನಾಂಕ ಗೊತ್ತುಮಾಡಿ. ಹೆಸರು ಕೊಯ್ಲಾಗಿ ಹಿಂಗಾರಿಗೆ ಹೊಲ ಹದಗೊಳ್ಳುವ ಸೆಪ್ಟೆಂಬರ್ ಮೊದಲ ವಾರ ಒಂದು ಬೈಠಕ್. ಹೊಸ ಹಣಕಾಸು ವರ್ಷಕ್ಕೂ ಕೃಷಿ ಹೊಂಡ ತೋಡುವ ಕೆಲಸಕ್ಕೂ ಮುಂಚೆ, ಮಾರ್ಚ್ ಎರಡನೇ ವಾರ ಇನ್ನೊಂದು. ಬ್ಯಾಡಗಿ ಮೆಣಸಿನಕಾಯಿ ಬೆಳೆಗಾರರ ಜೊತೆ ಕೆಲಸವಿದ್ದರೆ ಈ ಲೆಕ್ಕ ಹಿಡಿಯದು. ಮಾರ್ಚ್‌ನಲ್ಲಿ ಕಾಯಿ ಇನ್ನೂ ಮಾರುಕಟ್ಟೆಗೆ ಬರುತ್ತಿರುತ್ತದೆ, ದರದ ಪೂರ್ತಿ ಚಿತ್ರ ಸಿಗಬೇಕೆಂದರೆ ಮೇ ತಿಂಗಳಿಗೆ ಇಟ್ಟುಕೊಳ್ಳಿ. ತ್ರೈಮಾಸಿಕ ವರದಿ ತನ್ನ ಪಾಡಿಗೆ ಹೋಗಲಿ. ಅದು ಲೆಕ್ಕ ಒಪ್ಪಿಸುವ ಕೆಲಸ, ಇದು ಬೇರೆ.

ಹಂಗಾಮು ಶುರುವಾಗುವ ಮೊದಲೇ ಯೋಜನೆ ಯಾವ ನಂಬಿಕೆಗಳ ಮೇಲೆ ನಿಂತಿದೆ ಎಂದು ಮೂರು ವಾಕ್ಯ ಬರೆದಿಡಿ, ಮೂರಕ್ಕಿಂತ ಹೆಚ್ಚು ಬೇಡ. ಉದಾಹರಣೆಗೆ: ‘ಹೊಂಡ ಇದ್ದ ರೈತ ಹಿಂಗಾರಿ ಬೆಳೆಗೆ ಒಂದು ನೀರಾದರೂ ಕೊಡುತ್ತಾನೆ.’ ಪಕ್ಕದಲ್ಲೇ ಗೆರೆ ಎಳೆಯಿರಿ: 40 ಹೊಂಡಗಳಲ್ಲಿ 20ಕ್ಕಿಂತ ಕಡಿಮೆ ಹೊಂಡಗಳಿಂದ ನೀರು ಹೋಗಿದ್ದರೆ ಹೊಸ ಹೊಂಡಕ್ಕೆ ಹಣ ನಿಲ್ಲುತ್ತದೆ. ಗೆರೆಯನ್ನು ಫಲಿತಾಂಶ ಬರುವ ಮುಂಚೆಯೇ ಎಳೆಯಬೇಕು. ಬಂದ ಮೇಲೆ ಎಳೆದರೆ 12 ಹೊಂಡ ಕೂಡ ‘ಆಶಾದಾಯಕ’ ಅನಿಸತೊಡಗುತ್ತದೆ.

ಎಣಿಕೆ ಯಾವುದರದು ಎಂಬುದರಲ್ಲೇ ಎಡವುವವರು ಹೆಚ್ಚು. ಯೋಜನೆಯ ಗುರಿ, ಅಳತೆಗೋಲುಗಳ ಪಟ್ಟಿಯಾದ ಲಾಗ್‌ಫ್ರೇಮ್‌ನಲ್ಲಿ ‘ತೋಡಿದ ಹೊಂಡ: 40’ ಎಂದಿದ್ದರೆ ಗುರಿ ಶೇ 100 ತಲುಪಿದಂತೆ ಕಾಣುತ್ತದೆ. ಹೊಲಕ್ಕೆ ಹೋದರೆ ಮಸಾರಿ (ಕೆಂಪು ಮಣ್ಣಿನ) ಭೂಮಿಯಲ್ಲಿ ಹಾಳೆ ಹಾಸದ ಹೊಂಡದ ನೀರು ಇಂಗಿಹೋಗಿರುತ್ತದೆ. ಎರಿಯಲ್ಲಿ ನೀರು ನಿಂತರೂ ಹೂಳು ತುಂಬಿರುತ್ತದೆ. ಎರಡೂ ಸರಿಯಿದ್ದ ಕಡೆ ಪಂಪ್‌ಸೆಟ್ ಇರುವುದಿಲ್ಲ. ಮೂರಕ್ಕೂ ಮದ್ದು ಬೇರೆ ಬೇರೆ, ಅದಕ್ಕೇ ಕಾರಣವನ್ನು ಮಣ್ಣಿನ ಪ್ರಕಾರ ವಿಂಗಡಿಸಿ ಬರೆದುಕೊಳ್ಳಿ.

ಬೈಠಕ್‌ಗೆ ಹದಿನೈದು ದಿನ ಮುಂಚೆ ಕ್ಷೇತ್ರ ಕಾರ್ಯಕರ್ತರು 12 ಮನೆಗಳಿಗೆ ಹೋಗಲಿ: ನಾಲ್ಕು ಚೆನ್ನಾಗಿ ನಡೆದವು, ನಾಲ್ಕು ಸಾಧಾರಣ, ನಾಲ್ಕು ಯೋಜನೆಯನ್ನು ಅರ್ಧಕ್ಕೇ ಬಿಟ್ಟವು. ಕೊನೆಯ ನಾಲ್ಕೇ ಮುಖ್ಯ. ಅಲ್ಲಿಗೆ ಯಾರೂ ಹೋಗುವುದಿಲ್ಲ, ಏಕೆಂದರೆ ಫೋಟೊಗೆ ಏನೂ ಇರುವುದಿಲ್ಲ. ಕಳೆ ತೆಗೆಯುವ ಹೆಣ್ಣುಮಕ್ಕಳನ್ನು ಗಂಡಸರು ಇಲ್ಲದಾಗ ಮಾತಾಡಿಸಿ. ಹೊಸ ಪದ್ಧತಿಯಿಂದ ಯಾರ ಕೆಲಸ ಹೆಚ್ಚಾಯಿತು ಎಂಬುದು ಅವರಿಗೆ ಗೊತ್ತು.

ಬೈಠಕ್‌ಗೆ 15 ಜನ, ಮೂರು ತಾಸು ಸಾಕು. ಅಮೆರಿಕದ ಸೇನೆಯಲ್ಲಿ ರೂಢಿಗೆ ಬಂದ ನಾಲ್ಕು ಪ್ರಶ್ನೆಗಳು ಇಲ್ಲಿಗೂ ಹೊಂದುತ್ತವೆ: ಏನಾಗಬೇಕಿತ್ತು, ಏನಾಯಿತು, ವ್ಯತ್ಯಾಸ ಯಾಕೆ, ಮುಂದೇನು. ಮೊದಲೆರಡಕ್ಕೆ ಸೇರಿ 45 ನಿಮಿಷ, ‘ಯಾಕೆ’ಗೆ ಒಂದು ತಾಸು, ಉಳಿದದ್ದೆಲ್ಲ ‘ಮುಂದೇನು’ಗೆ. ಪವರ್‌ಪಾಯಿಂಟ್ ತೆರೆದರೆ ಮೊದಲ ಪ್ರಶ್ನೆಯಲ್ಲೇ ಮಧ್ಯಾಹ್ನ ಕಳೆಯುತ್ತದೆ. ತೀರ ಕಿರಿಯ ಕಾರ್ಯಕರ್ತ ಮೊದಲು ಮಾತಾಡಲಿ, ಯೋಜನಾ ನಿರ್ದೇಶಕರು ಕೊನೆಗೆ. ಸಾಹೇಬರು ಬಾಯಿ ತೆರೆದ ಮೇಲೆ ಬೇರೆ ಅಭಿಪ್ರಾಯ ಹೊರಬರುವುದಿಲ್ಲ. ಟಿಪ್ಪಣಿ ಕನ್ನಡದಲ್ಲೇ ಇರಲಿ, ಇಂಗ್ಲಿಷ್ ವರದಿ ಆಮೇಲೆ.

ಮುಗಿಸುವಾಗ ಮೂರರೊಳಗೆ ತೀರ್ಮಾನ. ಪ್ರತಿಯೊಂದಕ್ಕೂ ವಹಿಯಲ್ಲಿ ಒಂದೇ ಸಾಲು: ಏನು ಬದಲು, ಯಾವ ಸಾಕ್ಷ್ಯದಿಂದ, ಯಾರ ಹೊಣೆ, ಯಾವ ತಾರೀಖು, ಎಷ್ಟು ಹಣ, ಅದು ಯಾವ ಬಾಬಿನಿಂದ. ‘ರೈತರಲ್ಲಿ ಇನ್ನಷ್ಟು ಜಾಗೃತಿ ಮೂಡಿಸುವುದು’ ತೀರ್ಮಾನವಲ್ಲ, ಹೊಡೆದುಹಾಕಿ. ಹಾಗೆಂದು ಪ್ರತಿ ತಿಂಗಳೂ ಬದಲಾಯಿಸಬಾರದು. ಒಂದು ಹಂಗಾಮು ಪೂರ್ತಿ ನಡೆಯದೆ ಹೊಸ ಪದ್ಧತಿ ಹಿಡಿಯಿತೋ ಇಲ್ಲವೋ ತಿಳಿಯದು. ಒಂದು ಮಳೆ ತಪ್ಪಿದ್ದಕ್ಕೆ ಪದ್ಧತಿಯನ್ನೇ ಬೈಯುವುದೂ ಸಾಮಾನ್ಯ ತಪ್ಪು.

ಕೆಲಸ ನಡೆಯುವಾಗಲೇ ನೋಡಿ ತಿದ್ದುವುದು ಈ ಭಾಗಕ್ಕೆ ಹೊಸದಲ್ಲ. 2001ರಲ್ಲಿ ಶುರುವಾದ, ವಿಶ್ವ ಬ್ಯಾಂಕ್ ನೆರವಿನ ಸುಜಲ ಜಲಾನಯನ ಯೋಜನೆ ಧಾರವಾಡ, ಹಾವೇರಿ ಸೇರಿ ಐದು ಜಿಲ್ಲೆಗಳಲ್ಲಿತ್ತು. ಅದರಲ್ಲಿ ಮುಗಿಯುವ ತನಕ ಕಾಯದೆ ಉಪಗ್ರಹ ಚಿತ್ರಗಳನ್ನೂ ಬಳಸಿ ನಿಗಾ ಇಡಲಾಗಿತ್ತು.

ಹಣದ ಬಾಬು ಬದಲಿಸುವ ಮುನ್ನ ಎರಡು ಕಾಗದ ತೆರೆಯಿರಿ. ಒಂದು, ದಾನಿಯ ಒಪ್ಪಂದ: ಬಾಬಿನಿಂದ ಬಾಬಿಗೆ ಎಷ್ಟು ಪ್ರತಿಶತದವರೆಗೆ ಮುಂಚಿತ ಅನುಮತಿ ಬೇಡ ಎಂದು ಅದರಲ್ಲಿರುತ್ತದೆ. ಮಿತಿ ದಾಟಿದರೆ ವಹಿಯ ಸಾಲು, 12 ಮನೆಗಳ ಟಿಪ್ಪಣಿ ಲಗತ್ತಿಸಿ ಪತ್ರ ಬರೆಯಿರಿ. ಇನ್ನೊಂದು, ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ ಕಾಯ್ದೆ, ಎಫ್‌ಸಿಆರ್‌ಎ. 2020ರ ತಿದ್ದುಪಡಿಯ ನಂತರ ವಿದೇಶಿ ದೇಣಿಗೆಯನ್ನು ಬೇರೆ ಸಂಸ್ಥೆಗೆ ವರ್ಗಾಯಿಸುವಂತಿಲ್ಲ, ಆಡಳಿತ ವೆಚ್ಚ ಶೇ 20 ಮೀರುವಂತಿಲ್ಲ. ಹೀಗಾಗಿ ‘ಈ ಭಾಗವನ್ನು ಪಕ್ಕದ ತಾಲ್ಲೂಕಿನ ಸಂಸ್ಥೆಗೆ ಕೊಡೋಣ’ ಎಂಬ ಒಳ್ಳೆಯ ತೀರ್ಮಾನವೂ ಆ ಹಣದಲ್ಲಿ ಆಗದು. ಸಭೆಗೆ ಲೆಕ್ಕಿಗರನ್ನು ಕರೆಯಬೇಕಾದದ್ದು ಇದಕ್ಕೇ.

ವಹಿಯನ್ನು ಯೋಜನೆಯ ತಾಲ್ಲೂಕು ಕಚೇರಿಯಲ್ಲಿ ಇಡಿ, ವಾಟ್ಸಾಪ್ ಗುಂಪಿನಲ್ಲಲ್ಲ. ಹೊಸದಾಗಿ ಸೇರಿದವರು ಮೊದಲ ವಾರದಲ್ಲೇ ಹಿಂದಿನ ನಾಲ್ಕು ಬೈಠಕ್‌ಗಳ ಪುಟ ಓದಲಿ, ಪ್ರಯತ್ನಿಸಿ ಕೈಬಿಟ್ಟವುಗಳ ಪುಟವನ್ನೂ.