ದ್ವೀಪ ದೇಶದ ವ್ಯಾಪಾರ ಒಪ್ಪಂದ ಓದೋದು ಹೇಗೆ? ಮಾರಿಷಸ್‌ನಿಂದ ಶುರು ಮಾಡಿ

ಭಾರತ-ಮಾರಿಷಸ್ ಒಪ್ಪಂದ 2021ರ ಏಪ್ರಿಲ್ 1ರಂದು ಜಾರಿಗೆ ಬಂತು. ಆಫ್ರಿಕಾದ ದೇಶವೊಂದರ ಜೊತೆ ಭಾರತ ಮಾಡಿಕೊಂಡ ಇಂಥ ಮೊದಲ ಒಪ್ಪಂದ ಅದು. ನಮ್ಮ 310 ಬಗೆಯ ಸರಕಿಗೆ ಅಲ್ಲಿ ಸುಂಕದ ಅನುಕೂಲ, ಅವರ 615 ಬಗೆಗೆ ಇಲ್ಲಿ. ಹಾಗಾದರೆ ದ್ವೀಪಕ್ಕೇ ಲಾಭ ಜಾಸ್ತಿ ಅಲ್ವಾ? ದಯವಿಟ್ಟು ಪಟ್ಟಿ ಎಷ್ಟು ಉದ್ದ ಇದೆ ಅಂತ ನೋಡಿ ತೀರ್ಮಾನಕ್ಕೆ ಬರಬೇಡಿ. ಸುಮಾರು ಹನ್ನೆರಡೂವರೆ ಲಕ್ಷ ಜನರಿರುವ ದೇಶ 615 ಬಗೆಯ ಸರಕನ್ನು ಮಾಡಿ ಕಳಿಸುತ್ತದಾ ಅಂತ ಮೊದಲು ಕೇಳಿ.

ಮಾರಿಷಸ್ ಒಪ್ಪಂದದ ಕಾಗದ ಕೈಗೆತ್ತಿಕೊಂಡಾಗಲೆಲ್ಲ ನಾನು ಮೊದಲು ಹುಡುಕುವುದು ಸಕ್ಕರೆ. 1975ರಿಂದ ಯುರೋಪು ಅಲ್ಲಿನ ಸಕ್ಕರೆಯನ್ನು ಖಾತರಿ ದರಕ್ಕೆ ಕೊಳ್ಳುತ್ತಿತ್ತು. ವರ್ಷಕ್ಕೆ ಸುಮಾರು 5 ಲಕ್ಷ ಟನ್, ಇಂಥ ಖಾತರಿ ಸಿಕ್ಕಿದ್ದ ದೇಶಗಳಲ್ಲೇ ದೊಡ್ಡ ಪಾಲು. ಹಲವು ವರ್ಷ ಆ ದರ ಹೊರಗಿನ ಮಾರುಕಟ್ಟೆಗಿಂತ ಎರಡು ಮೂರು ಪಟ್ಟು ಇತ್ತು. ಶಾಲೆ, ರಸ್ತೆ, ಹೋಟೆಲು, ಗಾರ್ಮೆಂಟ್ಸ್ ಕಾರ್ಖಾನೆ, ಎಲ್ಲದರ ಹಿಂದೆ ಈ ಸಕ್ಕರೆ ದುಡ್ಡಿನ ಪಾಲಿದೆ. ಆಮೇಲೆ ಯುರೋಪು ತನ್ನ ಸಕ್ಕರೆ ನೀತಿ ಬದಲಿಸಿತು, 2006ರಿಂದ ಮೆಟ್ಟಿಲು ಮೆಟ್ಟಿಲಾಗಿ ದರ 36% ಇಳಿಯಿತು, 2009ರಲ್ಲಿ ಆ ಹಳೆಯ ಖಾತರಿಯೂ ಮುಗಿಯಿತು. ಗಮನಿಸಿ, ಮಾರಿಷಸ್ ಸಕ್ಕರೆ ಮೇಲೆ ಯಾರೂ ಹೊಸ ಸುಂಕ ಹಾಕಲಿಲ್ಲ. ಬಾಗಿಲು ತೆರೆದೇ ಇತ್ತು, ಆದರೆ ಒಳಗೆ ಸಿಗುತ್ತಿದ್ದ ದರ ಇರಲಿಲ್ಲ.

ಅದಕ್ಕೇ ನಿಮ್ಮ ಮೊದಲ ಪ್ರಶ್ನೆ ಇದಾಗಲಿ: ಒಪ್ಪಂದಕ್ಕೆ ಮುಂಚೆ ಈ ದೇಶಕ್ಕೆ ಏನು ಸಿಗುತ್ತಿತ್ತು? ಅದರ ಹಿಂದೆಯೇ ಎರಡನೆಯದು: ಅದೇ ಅನುಕೂಲ ಈಗ ಇನ್ಯಾರಿಗೆಲ್ಲ ಸಿಕ್ಕಿದೆ? ಬಟ್ಟೆಯಲ್ಲಿ ಆಗಿದ್ದು ಅದೇ. ಶ್ರೀಮಂತ ದೇಶಗಳು ಒಂದೊಂದು ದೇಶದ ಬಟ್ಟೆಗೂ ಕೋಟಾ, ಅಂದರೆ ಇಷ್ಟೇ ಕಳಿಸಬಹುದು ಅನ್ನುವ ಮಿತಿ, ಇಟ್ಟಿದ್ದ ಕಾಲದಲ್ಲಿ ಹಾಂಗ್‌ಕಾಂಗ್‌ನವರು ತಮ್ಮ ಮಿತಿ ತಪ್ಪಿಸಿಕೊಳ್ಳಲು ಮಾರಿಷಸ್‌ಗೆ ಬಂದು ಕಾರ್ಖಾನೆ ಹಾಕಿದರು. 2005ರ ಶುರುವಿಗೆ ಆ ಕೋಟಾ ಹೋಯಿತು, ಚೀನಾದಿಂದಲೇ ನೇರ ಕಳಿಸಬಹುದಾದ ಮೇಲೆ ಅವರಲ್ಲಿ ಎಷ್ಟೋ ಜನ ಹೊರಟುಹೋದರು. ಕೆಲಸ ಕಳೆದುಕೊಂಡವರಲ್ಲಿ ಹೆಂಗಸರೇ ಜಾಸ್ತಿ.

ಇನ್ನು ಎಲ್ಲರೂ ಬಿಟ್ಟು ಮುಂದೆ ಹೋಗುವ ಪುಟ, ಮೂಲದೇಶದ ನಿಯಮ. ಸರಕು ನಿಜಕ್ಕೂ ಆ ದೇಶದ್ದೇ ಅಂತ ಯಾವಾಗ ಒಪ್ಪುತ್ತಾರೆ ಅನ್ನುವ ಷರತ್ತು ಇದು. ದ್ವೀಪದಲ್ಲಿ ಹತ್ತಿ ಬೆಳೆಯಲ್ಲ, ಹಾಗಾಗಿ ಇಲ್ಲೇ ಎಲ್ಲ ನಿರ್ಧಾರ ಆಗುತ್ತದೆ. ಹಳೆಯ ಯುರೋಪ್ ನಿಯಮದ ಪ್ರಕಾರ ನೂಲಿನಿಂದ ಶುರುಮಾಡಿ ಬಟ್ಟೆ ಮಾಡಿ ಹೊಲಿದರೆ ಮಾತ್ರ ಸುಂಕ ಇರುತ್ತಿರಲಿಲ್ಲ. ಯುರೋಪಿನ ಜೊತೆಗಿನ ಹೊಸ ಒಪ್ಪಂದದಲ್ಲಿ, ಅಂದರೆ 2012ರಿಂದ ಜಾರಿಯಲ್ಲಿರುವುದರಲ್ಲಿ, ಹೊರಗಿನಿಂದ ಬಟ್ಟೆ ತಂದು ಅಲ್ಲಿ ಹೊಲಿದರೂ ಸಾಕು. ಕಾರ್ಖಾನೆಯವರಿಗೆ ಈ ಒಂದು ಸಾಲು ಇಡೀ ಸುಂಕದ ಪಟ್ಟಿಗಿಂತ ಮುಖ್ಯ. ಟ್ಯೂನಾ ಮೀನಿಗೂ ಇದೇ ಕಥೆ: ಡಬ್ಬಿಗೆ ತುಂಬಿದ್ದು ಮಾರಿಷಸ್ ರಾಜಧಾನಿ ಪೋರ್ಟ್ ಲೂಯಿಯಲ್ಲಾದರೂ, ಹಿಡಿದ ದೋಣಿ ಯಾರದು, ಯಾವ ಬಾವುಟದ್ದು ಅಂತ ಕೇಳುತ್ತಾರೆ.

ಕಸ್ಟಮ್ಸ್ ಆದಾಯವನ್ನೂ ನೋಡಿ. ಆಮದನ್ನೇ ನಂಬಿದ ದೇಶದಲ್ಲಿ ಸುಂಕ ಇಳಿದರೆ ಖಜಾನೆಯಲ್ಲಿ ತೂತು ಬೀಳುತ್ತದೆ, ಅದನ್ನು ಇನ್ನೊಂದು ತೆರಿಗೆಯಿಂದ ತುಂಬಬೇಕು. ಮಾರಿಷಸ್ 1998ರಲ್ಲಿ ವ್ಯಾಟ್ ತಂದಿತು, ಆಮೇಲೆ ಅದು 15%ಕ್ಕೆ ಏರಿತು. ಸುಂಕ ಇಳಿದು ಟಿವಿ ಅಗ್ಗವಾದರೆ ಕೊಳ್ಳುವವರಿಗೆ ಖುಷಿ, ಆದರೆ ವ್ಯಾಟ್ ಎಲ್ಲರಿಗೂ ಬೀಳುತ್ತದೆ.

ಒಂದು ತಪ್ಪು ಮಾತ್ರ ಮಾಡಬೇಡಿ. ವ್ಯಾಪಾರ ಏರಿದ್ದೆಲ್ಲ ಒಪ್ಪಂದದಿಂದ ಅಂತ ಬರೆದುಬಿಡಬೇಡಿ. 2007ರಿಂದ ಹಲವು ವರ್ಷ ಮಾರಿಷಸ್‌ನ ಪೆಟ್ರೋಲ್, ಡೀಸೆಲ್ ಹೋಗುತ್ತಿದ್ದುದು ನಮ್ಮ ಮಂಗಳೂರಿನ ಎಂಆರ್‌ಪಿಎಲ್‌ನಿಂದ. ಭಾರತದ ರಫ್ತಿನ ಅಂಕಿಯಲ್ಲಿ ಅದೇ ದೊಡ್ಡ ಗುಡ್ಡ. ಅದಕ್ಕೆ 2021ರ ಒಪ್ಪಂದ ಬೇಕಿರಲಿಲ್ಲ, ಆ ದೇಶದ ಸರ್ಕಾರಿ ವ್ಯಾಪಾರ ನಿಗಮದ ಜೊತೆಗಿನ ಕರಾರು ಸಾಕಿತ್ತು. ಪೆಟ್ರೋಲಿಯಂ ತೆಗೆದಿಟ್ಟು ಉಳಿದದ್ದನ್ನು ಕೂಡಿಸಿ, ಆಗ ನಿಜ ಕಾಣುತ್ತದೆ. ಕೊಮೆಸಾ, ಸಾಡಿಕ್ ಎಂಬ ಆಫ್ರಿಕಾದ ದೇಶಗಳ ಎರಡು ಗುಂಪುಗಳದ್ದು, ಇಡೀ ಆಫ್ರಿಕಾ ಖಂಡದ ಒಪ್ಪಂದ, ಚೀನಾ ಜೊತೆಗಿನದು, ಹೀಗೆ ಒಂದರ ಮೇಲೊಂದು ಇರುವುದರಿಂದ ಯಾವ ಸರಕು ಯಾವ ಒಪ್ಪಂದದ ಅಡಿ ಹೋಗಿದೆ ಅಂತಲೂ ಬೇರೆ ಮಾಡಬೇಕು. ಅದಕ್ಕೆ ಮೂಲದೇಶದ ಪ್ರಮಾಣಪತ್ರ ಎಷ್ಟು ಕೊಟ್ಟಿದ್ದಾರೆ ಅಂತ ನೋಡುವುದು ಒಳ್ಳೆಯ ದಾರಿ.

ಕೊನೆಗೆ ಜನರನ್ನು ಎಣಿಸಿ, ಇದನ್ನು ಬಿಡಲೇಬೇಡಿ. ರಫ್ತಿನ ಮೊತ್ತ ಚೆನ್ನಾಗಿದ್ದರೂ ಹೊಲಿಗೆ ಮಡಗಾಸ್ಕರ್‌ಗೆ ಹೋಗಿರಬಹುದು, ಮಾರಿಷಸ್‌ನಲ್ಲೇ ಉಳಿದ ಕಾರ್ಖಾನೆಯಲ್ಲಿ ಬಾಂಗ್ಲಾದೇಶದಿಂದ ಬಂದವರು ಹೊಲಿಯುತ್ತಿರಬಹುದು. ಸಕ್ಕರೆ ಕಾರ್ಖಾನೆಗಳು ಒಂದರೊಳಗೊಂದು ಸೇರಿ ಮೂರಕ್ಕೆ ಇಳಿದವು, ಕಾರ್ಮಿಕರನ್ನು ಸ್ವಯಂ ನಿವೃತ್ತಿ ಕೊಟ್ಟು ಕಳಿಸಿದರು. ದೊಡ್ಡ ಕಂಪನಿಗಳು ಬೆಲೆ ಜಾಸ್ತಿ ಸಿಗುವ ವಿಶೇಷ ಸಕ್ಕರೆ ಮಾಡಿ, ಕಬ್ಬಿನ ಸಿಪ್ಪೆಯಿಂದ ಕರೆಂಟು ಮಾಡಿ ದಾರಿ ಕಂಡುಕೊಂಡವು. ಒಂದೆರಡು ಎಕರೆ ಇಟ್ಟುಕೊಂಡಿದ್ದ ಸಣ್ಣ ಬೆಳೆಗಾರರಿಗೆ ಆ ದಾರಿ ಇರಲಿಲ್ಲ. ಎಷ್ಟೋ ಜನ ಕಬ್ಬು ಹಾಕುವುದನ್ನೇ ಬಿಟ್ಟರು. ಹಾಗೆ ಪಾಳುಬಿದ್ದ ಹೊಲ ಎಷ್ಟು ಅಂತಲೂ ನಿಮ್ಮ ಲೆಕ್ಕದಲ್ಲಿ ಒಂದು ಸಾಲು ಇರಲಿ.