ಪಿಲ್ಸ್ನರ್ ಗ್ಲಾಸಿನಲ್ಲಿ ಬೆಣ್ಣೆ

ತಾವೇ ಬಿಯರ್ ಮಾಡಿ ಬಡಿಸುವ ಬೆಂಗಳೂರಿನ ಬ್ರೂಪಬ್‌ಗಳಲ್ಲಿ ಗೋಧಿ ಬಿಯರ್‌ಗೆ ಬರವಿಲ್ಲ. ಪಿಲ್ಸ್ನರ್ ಎಂಬ ತಿಳಿ ಬಣ್ಣದ, ಕಹಿ ಬಿಯರನ್ನು ಮಾತ್ರ ಹುಡುಕಬೇಕು. ಗೋಧಿ ಬಿಯರ್ ಎರಡು-ಮೂರು ವಾರದಲ್ಲಿ ಟ್ಯಾಂಕ್ ಬಿಟ್ಟುಕೊಡುತ್ತದೆ. ಪಿಲ್ಸ್ನರ್ ಐದಾರು ವಾರ ತಣ್ಣಗೆ ಅಲ್ಲೇ ಕೂತಿರುತ್ತದೆ, ಬಾಡಿಗೆ ಕೊಡದ ನೆಂಟನ ಹಾಗೆ. ಹಾಗಾಗಿ ಮನೆ ಹತ್ತಿರದ ಒಂದು ಕಡೆ ಬೋರ್ಡಿನಲ್ಲಿ ಆ ಹೆಸರು ಕಂಡಾಗ ಮಧ್ಯಾಹ್ನ ಮೂರಕ್ಕೇ ಹೋಗಿ ಕೂತೆ. ಸಂಜೆಯಾದರೆ ಪಕ್ಕದ ಮೇಜಿನ ಚಿಲ್ಲಿ ಚಿಕನ್ ಘಾಟು ಮೂಗನ್ನು ಕೆಡಿಸುತ್ತದೆ. ಊಟಕ್ಕೂ ಬರೀ ಮೊಸರನ್ನ, ಉಪ್ಪಿನಕಾಯಿ ಇಲ್ಲದೆ.

ಫ್ರೀಜರಿನಿಂದ ತೆಗೆದ ಮಗ್ಗಿನಲ್ಲಿ ತಂದರು. ನಾಲಿಗೆ ಮರಗಟ್ಟಿದರೆ ರುಚಿ ಹೇಗೆ ಗೊತ್ತಾಗಬೇಕು? ಸಾದಾ ಗ್ಲಾಸು ಕೇಳಿ, ತಣ್ಣೀರಿನಲ್ಲಿ ಇನ್ನೊಮ್ಮೆ ತೊಳೆಸಿದೆ. ಸೋಪಿನ ಪಸೆ ಉಳಿದರೆ ನೊರೆ ನಿಲ್ಲದು.

ಬಣ್ಣ ಒಣಹುಲ್ಲಿನದು, ಹಿಂದೆ ಹಿಡಿದ ಮೆನುವಿನ ಅಕ್ಷರ ಓದುವಷ್ಟು ತಿಳಿ. ಎರಡು ಬೆರಳು ನೊರೆ, ಕುಡಿದಂತೆಲ್ಲ ಗ್ಲಾಸಿನೊಳಗೆ ಬಳೆಬಳೆಯಾಗಿ ಅಂಟಿ ಉಳಿಯಿತು. ಮೂಗಿಗೆ ಮೊದಲು ಬಿಸಿ ಬನ್ನು, ಆಮೇಲೆ ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವಿನ ಹಸಿ ಗಿಡದ ವಾಸನೆ. ಕಹಿ ಹಾಗಲಕಾಯಿಯಂತೆ ನಾಲಿಗೆ ಹಿಡಿಯದೆ, ನುಂಗಿದ ಮೇಲೆ ಚೊಕ್ಕವಾಗಿ ಸರಿಯಿತು. ನೋಟ್‌ಬುಕ್ಕಿನಲ್ಲಿ ಹತ್ತಕ್ಕೆ ಎಂಟು ಬರೆದೇಬಿಟ್ಟೆ.

ಅವಸರ ಮಾಡಿದ್ದೆ. ಉಳಿದರ್ಧ ಗ್ಲಾಸನ್ನು ಅಂಗೈಯಲ್ಲಿ ಹಿಡಿದು ಹತ್ತು ನಿಮಿಷ ಕೂತಾಗ ನಿಜ ಹೊರಬಂತು: ಸಿನಿಮಾ ಥಿಯೇಟರಿನ ಪಾಪ್‌ಕಾರ್ನ್. ಡಯಾಸೆಟೈಲ್. ಯೀಸ್ಟ್ ಕೆಲಸ ಮಾಡುವಾಗ ಹುಟ್ಟುವ ಈ ಬೆಣ್ಣೆ ವಾಸನೆಯನ್ನು, ಸಮಯ ಕೊಟ್ಟರೆ ಯೀಸ್ಟೇ ತಿಂದು ಮುಗಿಸುತ್ತದೆ. ಅದಕ್ಕೆಂದೇ ಹುದುಗು ಮುಗಿಯುವ ಹೊತ್ತಿಗೆ ಎರಡು-ಮೂರು ದಿನ ಬಿಸಿಯನ್ನು ತುಸು ಏರಿಸುತ್ತಾರೆ. ಗೋಧಿ ಬಿಯರಿನಲ್ಲಿ ಬಾಳೆಹಣ್ಣು, ಲವಂಗದ ವಾಸನೆಯ ನಡುವೆ ಇಂಥ ತಪ್ಪು ಅಡಗಿಕೊಳ್ಳಬಹುದು. 1842ರಲ್ಲಿ ಬವೇರಿಯಾದ ಯೋಸೆಫ್ ಗ್ರೋಲ್ ಬೊಹೀಮಿಯಾದ (ಇಂದಿನ ಚೆಕ್ ದೇಶದ) ಪಿಲ್ಸೆನ್‌ನಲ್ಲಿ ಅಲ್ಲಿಯ ಮೆದು ನೀರು, ತಿಳಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ಸಾಟ್ಸ್ ತಳಿಯ ಹಾಪ್ಸ್ ಬಳಸಿ ಮಾಡಿದ ಈ ಬಿಯರಿನಲ್ಲಿ ಬಚ್ಚಿಡಲು ಜಾಗವೇ ಇಲ್ಲ. (ಚೆಕ್ ಪಿಲ್ಸ್ನರಿನಲ್ಲಿ ಬೆಣ್ಣೆಯ ಎಳೆ ತುಸು ಇದ್ದರೆ ಒಪ್ಪುವವರೂ ಇದ್ದಾರೆ. ನಾನಲ್ಲ.)

ಬಿಯರ್ ಮಾಡುವ ಹುಡುಗನನ್ನು ಮೆಲ್ಲಗೆ ಕೇಳಿದೆ. ಅವನು ಆಚೀಚೆ ನೋಡಿ, "ಇನ್ನೊಂದು ವಾರ ಬೇಕಿತ್ತು ಸರ್. ವೀಕೆಂಡಿಗೆ ಟ್ಯಾಪಿಗೆ ಹಾಕಿ ಅಂದ್ರು," ಎಂದ.

ಎಂಟನ್ನು ಹೊಡೆದು ಆರು ಮಾಡಿದೆ. ಆ ನೊರೆಗೆ ಇನ್ನೊಂದು ಅರ್ಧ. ಮೂರು ವಾರ ಬಿಟ್ಟು ಮತ್ತೆ ಹೋದರೆ ಬೋರ್ಡಿನಲ್ಲಿ ಪಿಲ್ಸ್ನರ್ ಅಳಿಸಿ ಮಾವಿನಹಣ್ಣಿನ ಬಿಯರ್ ಬರೆದಿದ್ದರು.